ಶೇರ್‌ಪಾಯಿಂಟ್ ವೆಬ್ ಪಾರ್ಟ್‌ನಲ್ಲಿ ಕೊಂಡಿಗಳ ರೂಪ ಬದಲಿಸುವ ಬಗೆ

ಮೈಕ್ರೋಸಾಫ್ಟ್‌ನ ತಾಣ ನಿರ್ಮಾಣದ ತಂತ್ರಾಂಶವಾದ ಶೇರ್‌ಪಾಯಿಂಟ್ 2010ರಲ್ಲಿ, ಪುಟದೊಳಗೆ ಕೂರಿಸುವ ಘಟಕಕ್ಕೆ ವೆಬ್ ಪಾರ್ಟ್ ಎನ್ನುತ್ತಾರೆ. ಅವುಗಳಲ್ಲೊಂದಾದ ಕಂಟೆಂಟ್ ಕ್ವೆರಿ ವೆಬ್ ಪಾರ್ಟ್ ಪಟ್ಟಿಗಳಿಂದ ಕೊಂಡಿಗಳನ್ನು ಆಯ್ದು ತರುತ್ತದೆ. ಅವು ಪುಟದಲ್ಲಿ ಹೇಗೆ ಕಾಣಬೇಕೆಂಬುದು ಸೈಟ್ ಕಲೆಕ್ಷನ್‌ನ (ಒಂದೇ ಮೂಲದಡಿಯ ತಾಣಗಳ ಗುಂಪಿನ) ಮೂಲ ತಾಣದ ಸ್ಟೈಲ್ ಲೈಬ್ರರಿಯಲ್ಲಿ, ‘ಎಕ್ಸ್‌ಎಸ್‌ಎಲ್ ಸ್ಟೈಲ್ ಶೀಟ್ಸ್’ ಫೋಲ್ಡರಿನಲ್ಲಿರುವ ‘ಐಟಂಸ್ಟೈಲ್’ ಕಡತದಲ್ಲಿ ತೀರ್ಮಾನವಾಗುತ್ತದೆ. ಕೈಯಾರೆ ಸೇರಿಸಿದ ಕೊಂಡಿಗಳನ್ನು ತೋರಿಸುವ ಸಮ್ಮರಿ ಲಿಂಕ್ಸ್ ವೆಬ್ ಪಾರ್ಟ್ ಕೂಡ ಇದನ್ನೇ ಅವಲಂಬಿಸಿರುವುದರಿಂದ, ಇಲ್ಲಿ ಒಂದು ಟ್ಯಾಗ್ ಮುಚ್ಚದೆ ಉಳಿದರೂ ತಾಣದ ಎಷ್ಟೋ ಪುಟಗಳಲ್ಲಿ ಕೊಂಡಿಗಳ ಜಾಗದಲ್ಲಿ ದೋಷದ ಸಂದೇಶ ಬರುತ್ತದೆ. ಆದ್ದರಿಂದ ಮೂಲ ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡೇ ಕೆಲಸ ಆರಂಭಿಸಬೇಕು.

ಈ ಕಡತದಲ್ಲಿ ಮೊದಲೇ ಇರುವ ಟೆಂಪ್ಲೇಟ್‌ಗಳನ್ನು, ಅಂದರೆ ಒಂದೊಂದು ರೂಪದ ಅಚ್ಚುಗಳನ್ನು, ತಿದ್ದಬಾರದು. ‘ನೋಇಮೇಜ್’ ಟೆಂಪ್ಲೇಟನ್ನು ನಕಲಿಸಿ, ಕಡತದ ಕೊನೆಯ ಟ್ಯಾಗಿಗಿಂತ ಮೇಲೆ ಅಂಟಿಸಿ, ಅದಕ್ಕೆ ಹೊಸ ಹೆಸರು ಕೊಡಬೇಕು. ಟೆಂಪ್ಲೇಟಿನ ‘ಮ್ಯಾಚ್’ ಗುಣದಲ್ಲಿರುವ (ಅಟ್ರಿಬ್ಯೂಟ್) ‘ಸ್ಟೈಲ್’ ಮೌಲ್ಯಕ್ಕೂ ಅದೇ ಹೆಸರನ್ನು ಅಕ್ಷರಶಃ ಬರೆಯಬೇಕು. ಎರಡೂ ಹೊಂದದಿದ್ದರೆ ಹೊಸ ಶೈಲಿಯನ್ನು ಆರಿಸಿದರೂ ಡೀಫಾಲ್ಟ್ ರೂಪವೇ ಕಾಣುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂತರಗಳನ್ನು ಇಲ್ಲಿ ತುಂಬದೆ, ಕೊಂಡಿಯನ್ನು ರೂಪಿಸುವ ಆ್ಯಂಕರ್ ಟ್ಯಾಗಿಗೆ ಒಂದು ಕ್ಲಾಸ್ ಹೆಸರನ್ನಷ್ಟೇ ಕೊಟ್ಟು, ಉಳಿದದ್ದನ್ನು ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ಕಡತಕ್ಕೆ ಬಿಡುವುದು ಒಳ್ಳೆಯದು.

ಹೆಚ್ಚು ಎಚ್ಚರ ಬೇಕಾದದ್ದು ಲಿಂಕ್ಸ್ ಪಟ್ಟಿಯ ವಿಷಯದಲ್ಲಿ. ಆ ಪಟ್ಟಿಯ ಯುಆರ್‌ಎಲ್ ಕಾಲಂ ವಿಳಾಸವನ್ನೂ ವಿವರಣೆಯನ್ನೂ ಒಂದೇ ಸಾಲಿನಲ್ಲಿ, ನಡುವೆ ಅಲ್ಪವಿರಾಮ ಮತ್ತು ಒಂದು ಖಾಲಿ ಜಾಗವಿಟ್ಟು ಕೊಡುತ್ತದೆ. ಅದನ್ನು ಹಾಗೆಯೇ ಕೊಂಡಿಗೆ ಹಾಕಿದರೆ ವಿಳಾಸದ ಬಾಲಕ್ಕೆ ವಿವರಣೆ ಅಂಟಿಕೊಂಡು ಕೊಂಡಿ ತೆರೆಯುವುದೇ ಇಲ್ಲ. ‘ಸಬ್‌ಸ್ಟ್ರಿಂಗ್-ಬಿಫೋರ್’ ಫಂಕ್ಷನ್‌ನಿಂದ ವಿಳಾಸವನ್ನೂ ‘ಸಬ್‌ಸ್ಟ್ರಿಂಗ್-ಆಫ್ಟರ್’ನಿಂದ ವಿವರಣೆಯನ್ನೂ ಬೇರ್ಪಡಿಸಬೇಕು. ವಿಳಾಸದೊಳಗೇ ಅಲ್ಪವಿರಾಮ ಇರಬಹುದಾದ್ದರಿಂದ, ಬೇರ್ಪಡಿಸುವ ಗುರುತಾಗಿ ಬರಿಯ ಅಲ್ಪವಿರಾಮವನ್ನಲ್ಲ, ಅದರ ಮುಂದಿನ ಖಾಲಿ ಜಾಗವನ್ನೂ ಸೇರಿಸಿ ಕೊಡಬೇಕು. ಈ ಕಾಲಂ ಟೆಂಪ್ಲೇಟಿಗೆ ಸಿಗಬೇಕಾದರೆ ವೆಬ್ ಪಾರ್ಟನ್ನು ಎಕ್ಸ್‌ಪೋರ್ಟ್ ಮಾಡಿ, ‘ಕಾಮನ್‌ವ್ಯೂಫೀಲ್ಡ್ಸ್’ ಗುಣದಲ್ಲಿ ಕಾಲಂನ ಒಳಹೆಸರನ್ನೂ ಬಗೆಯನ್ನೂ ಬರೆದು, ಮತ್ತೆ ಇಂಪೋರ್ಟ್ ಮಾಡಬಹುದು.

ಹೊಸ ರೂಪ ಒಂದೆರಡು ಪುಟಗಳಿಗೆ ಮಾತ್ರ ಬೇಕಿದ್ದರೆ, ಟೆಂಪ್ಲೇಟನ್ನು ಬೇರೆ ಕಡತದಲ್ಲಿಟ್ಟು, ಎಕ್ಸ್‌ಪೋರ್ಟ್ ಮಾಡಿದಾಗಲೇ ‘ಐಟಂಎಕ್ಸ್‌ಎಸ್‌ಎಲ್‌ಲಿಂಕ್’ ಗುಣದಲ್ಲಿ ಅದರ ದಾರಿಯನ್ನು ನಮೂದಿಸುವುದೇ ಸುರಕ್ಷಿತ. ಉಳಿದ ಪುಟಗಳಿಗೆ ಅದರ ಸೋಂಕು ತಗಲುವುದಿಲ್ಲ.

ಬಳಿಕ ವೆಬ್ ಪಾರ್ಟ್‌ನ ಟೂಲ್ ಪೇನ್ ತೆರೆದು, ‘ಪ್ರೆಸೆಂಟೇಷನ್’ ವಿಭಾಗದ ‘ಐಟಂ ಸ್ಟೈಲ್’ ಪಟ್ಟಿಯಲ್ಲಿ ಹೊಸ ಹೆಸರನ್ನು ಆರಿಸಬೇಕು. ಕಡತವನ್ನು ಚೆಕ್ ಇನ್ ಮಾಡಿ, ಪ್ರಮುಖ ಆವೃತ್ತಿಯಾಗಿ ಪಬ್ಲಿಷ್ ಮಾಡದಿದ್ದರೆ ತಿದ್ದಿದವರಿಗೆ ಹೊಸ ರೂಪವೂ ಉಳಿದ ಓದುಗರಿಗೆ ಹಳೆಯದೂ ಕಾಣುತ್ತಿರುತ್ತದೆ. ಹಾಗಾಗಿ ಓದುವ ಅನುಮತಿಯಷ್ಟೇ ಇರುವ ಖಾತೆಯಿಂದ ಲಾಗಿನ್ ಆಗಿ ಪುಟವನ್ನು ಪರೀಕ್ಷಿಸಬೇಕು.