ಗೌರಿ ಗಣೇಶದ ವಾರ: ರಾತ್ರಿಯ ಪಟ್ಟಿ ಮೊದಲು, ಅಡುಗೆ ಆಮೇಲೆ

ನಮ್ಮನೆ ಅಡುಗೆಮನೆಯ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಅದರ ಮೊಳೆಗೇ ದಾರ ಕಟ್ಟಿ ನೇತುಹಾಕಿದ ಒಂದು ಪೆನ್ಸಿಲ್. ವಾರದ ಲೆಕ್ಕವೆಲ್ಲ ಅಲ್ಲೇ. ಬೇರೆ ಡೈರಿ ಇಲ್ಲ, ಆ್ಯಪ್ ಇಲ್ಲ. ಆದರೆ ನಾನು ಅಲ್ಲಿ ಬರೆಯುವುದು ನಾಳೆ ಏನು ತಿಂಡಿ, ಏನು ಸಾರು ಅಂತಲ್ಲ. ಇವತ್ತು ಮಲಗುವ ಮುಂಚೆ ಏನೇನು ಆಗಿರಬೇಕು ಅಂತ. ಕಾಳು ನೆನೆ. ಹಿಟ್ಟು ರುಬ್ಬು. ಹೂ ಕಟ್ಟು. ಇಷ್ಟೇ. ರಾತ್ರಿ ಅದು ಮುಗಿದಿದ್ದರೆ ಬೆಳಿಗ್ಗೆ ಕೈ ತಾನಾಗಿ ಓಡುತ್ತದೆ. ಇಲ್ಲದಿದ್ದರೆ ಎಷ್ಟೇ ಚೆಂದದ ಮೆನು ಬರೆದಿದ್ದರೂ ಕೊನೆಗೆ ಉಪ್ಪಿಟ್ಟೇ ಗತಿ.

ಮಾಮೂಲಿ ವಾರಕ್ಕೆ ಇದರಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಹಬ್ಬದ ವಾರದಲ್ಲೇ ಇದರ ಪರೀಕ್ಷೆ. ಅದಕ್ಕೆ 2025ರ ಗೌರಿ ಗಣೇಶದ ವಾರವನ್ನೇ ಹೇಳುತ್ತೇನೆ. ಆಗಸ್ಟ್ 26 ಮಂಗಳವಾರ ಗೌರಿ, 27 ಬುಧವಾರ ಗಣೇಶ. ಸಾಲದ್ದಕ್ಕೆ 30ರ ಶನಿವಾರ ಮಗಳ ಹುಟ್ಟುಹಬ್ಬ, ಭಾನುವಾರ ಪಾಂಡವಪುರದ ಕಡೆಯಿಂದ ಅಣ್ಣ, ಅತ್ತಿಗೆ, ಅವ್ವ ಎಲ್ಲ ಊಟಕ್ಕೆ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅತ್ತೆ, ಮಾವ, ನಮ್ಮನೆಯವರು, ಇಬ್ಬರು ಮಕ್ಕಳು. ನನಗೆ ಆಫೀಸು. ಗಣೇಶನಿಗೆ ಸರ್ಕಾರಿ ರಜೆ ಉಂಟು, ಅವರಮ್ಮನಿಗೆ ಇಲ್ಲ. ಗೌರಿಗೆ ನಾನೇ ಒಂದು ರಜೆ ಹಾಕಿಕೊಂಡೆ.

ಮೊದಲು ಸಾಮಾನು. ಕೆಡದೇ ಇರುವುದೆಲ್ಲ ಹಿಂದಿನ ವಾರವೇ ಮನೆಗೆ ಬಂದಿರಬೇಕು: ಬೇಳೆ, ಬೆಲ್ಲ, ಕಾಯಿ, ಕೊಬ್ಬರಿ, ಎಣ್ಣೆ. ಗ್ಯಾಸ್ ಸಿಲಿಂಡರ್ ಸ್ಪೇರ್ ಇದೆಯಾ ಅಂತ ಅಲುಗಾಡಿಸಿ ನೋಡುವುದೂ ಆ ವಾರವೇ. ಬೆಲ್ಲಕ್ಕೆ ನಾನು ಮೈಸೂರಿನ ಅಂಗಡಿ ನಂಬುವುದಿಲ್ಲ, ಅಣ್ಣ ಊರಿನ ಆಲೆಮನೆಯಿಂದಲೇ ಅಚ್ಚು ಬೆಲ್ಲ ಕಳಿಸುತ್ತಾನೆ. ಕಡು ಬಣ್ಣದ್ದು. ಅಂಗಡಿಯಲ್ಲಿ ಫಳಫಳ ಹಳದಿ ಬೆಲ್ಲ ಸಿಗುತ್ತದಲ್ಲ, ಅದಕ್ಕೆ ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನುವ ಬಣ್ಣ ತಿಳಿಮಾಡುವ ರಾಸಾಯನಿಕ ಹಾಕಿರುವುದೇ ಜಾಸ್ತಿ. ನಮ್ಮ ಬೆಲ್ಲದಲ್ಲಿ ಹೂರಣ ಸ್ವಲ್ಪ ಕಪ್ಪಾಗುತ್ತದೆ. ಆಗಲಿ ಬಿಡಿ, ತಿನ್ನುವವರು ಯಾರೂ ಬಣ್ಣ ಕೇಳಿಲ್ಲ.

ಮೊರವನ್ನು ಅದಕ್ಕೂ ಮೊದಲೇ ತರಬೇಕು. ಬಾಗಿನದ ಮೊರ ತೊಳೆದು, ಅರಿಶಿನ ಸವರಿ, ಒಣಗಿಸಬೇಕು. ಆಗಸ್ಟ್ ತಿಂಗಳ ಮೈಸೂರಿನಲ್ಲಿ ಬಿಸಿಲು ಎಲ್ಲಿದೆ? ಜಿಟಿಜಿಟಿ ಮಳೆ. ಹಸಿ ಮೊರವನ್ನು ಒಂದರ ಮೇಲೊಂದು ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಬಿಸಿಲು ಕಂಡ ದಿನ ತಾರಸಿಗೆ ಓಡಿ ಒಣಗಿಸುವ ಕೆಲಸ ಮಾವನದು. ಅವರಿಗೆ ಇದೊಂದು ಡ್ಯೂಟಿ ಕೊಟ್ಟರೆ ಖುಷಿ. ಹಿತ್ತಾಳೆ ಪಾತ್ರೆ, ದೀಪದ ಕಂಬ ಎಲ್ಲ ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿ ಅಮಾವಾಸ್ಯೆಗೆ ಮುಂಚೆಯೇ ಮುಗಿಸಿಬಿಡುತ್ತಾರೆ.

ಹೂವು, ವೀಳ್ಯದೆಲೆ, ಬಾಳೆಹಣ್ಣಿಗೆ ಮಾತ್ರ ದೇವರಾಜ ಮಾರ್ಕೆಟ್ಟೇ ಆಗಬೇಕು. ಹಬ್ಬದ ಹಿಂದಿನ ದಿನ ಹೋದರೆ ಹೂವಿನ ರೇಟು ಕೇಳಿ ವಾಪಸ್ ಬರಬೇಕಾಗುತ್ತದೆ. ನಾನು ಹೋದದ್ದು ಭಾನುವಾರ ಬೆಳಿಗ್ಗೆ. ಆ ಹೊತ್ತಿಗೆ ದಸರಾ ಆನೆಗಳು ಬಂದು ತಾಲೀಮು ಶುರುವಾಗಿರುತ್ತದೆ, ಅರಮನೆಯಿಂದ ಬನ್ನಿಮಂಟಪಕ್ಕೆ ಸಯ್ಯಾಜಿರಾವ್ ರಸ್ತೆಯಲ್ಲೇ ಸಾಲಾಗಿ ಹೋಗುತ್ತವೆ. ನೋಡಲು ಚೆಂದವೇ, ಆದರೆ ಎರಡೂ ಕೈಯಲ್ಲಿ ಬ್ಯಾಗು ಹಿಡಿದು ರಸ್ತೆ ದಾಟಬೇಕಾದವಳಿಗೆ ಅಲ್ಲ. ಆನೆ ಹೊರಡುವ ಮುಂಚೆ ಮಾರ್ಕೆಟ್ ಒಳಗಿದ್ದರೆ ಕ್ಷೇಮ. ಸೇವಂತಿಗೆ, ಕನಕಾಂಬರ, ತುಳಸಿ ಎರಡು ದಿನ ತಡೆಯುತ್ತವೆ. ಮಲ್ಲಿಗೆ ಮೊಗ್ಗು ಮಾತ್ರ ಬಾಳೆ ಎಲೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿಡಬೇಕು, ಇಲ್ಲದಿದ್ದರೆ ಅರಳಿ ಕಂದುತ್ತದೆ.

ಇನ್ನು ಮಡಿಯ ವಿಷಯ. ನನ್ನ ರಾತ್ರಿಯ ಪಟ್ಟಿಗೂ ಅತ್ತೆಯ ಮಡಿಗೂ ಹೊಂದಿಸುವುದೇ ಈ ವಾರದ ದೊಡ್ಡ ಕೆಲಸ. ಹಿಂದಿನ ರಾತ್ರಿಯೇ ಹೂರಣ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಎಷ್ಟು ಸಲೀಸು! ಆದರೆ ಅತ್ತೆ ಒಪ್ಪುವುದಿಲ್ಲ. ‘ತಂಗಳನ್ನ ದೇವರಿಗೆ ಇಡ್ತಾರೇನಮ್ಮ?’ ಅಂತ ಒಂದೇ ಮಾತು. ವಾದ ಮಾಡಿ ಪ್ರಯೋಜನವಿಲ್ಲ. ಹಾಗಾಗಿ ನಾನು ಕೆಲಸವನ್ನು ಎರಡು ಭಾಗ ಮಾಡಿಕೊಂಡೆ. ಒಲೆ ಹತ್ತಬೇಕಾದದ್ದು ಸ್ನಾನ ಆದ ಮೇಲೆ, ಬೆಳಿಗ್ಗೆಯೇ. ಒಲೆ ಬೇಡದ್ದೆಲ್ಲ ಹಿಂದಿನ ರಾತ್ರಿ. ಬೇಳೆ ಆರಿಸಿ ಅಳೆದಿಡುವುದು, ಬೆಲ್ಲ ಕುಟ್ಟಿ ಪುಡಿ ಮಾಡುವುದು, ಏಲಕ್ಕಿ ಬಿಡಿಸಿ ಪುಡಿ ಮಾಡುವುದು, ಚಿರೋಟಿ ರವೆ ಜರಡಿ ಹಿಡಿಯುವುದು, ಹೂ ಕಟ್ಟುವುದು, ಮಂಟಪಕ್ಕೆ ಬಾಳೆಕಂದು ಕಟ್ಟುವುದು, ಬೆಳಿಗ್ಗೆ ಬೇಕಾಗುವ ಪಾತ್ರೆಗಳನ್ನು ಒಲೆಯ ಪಕ್ಕ ಸಾಲಾಗಿ ಬೋರಲು ಹಾಕುವುದು. ಬರೆದು ನೋಡಿದರೆ ಹಬ್ಬದ ಅಡುಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ತಿನ್ನುವುದು ಈ ಒಲೆ ಬೇಡದ ಕೆಲಸವೇ.

ಚಕ್ಕುಲಿಗೆ ಅತ್ತೆಯೇ ಒಂದು ದಾರಿ ತೋರಿಸಿದರು. ಮೀಸಲು. ಭಾನುವಾರ ಸ್ನಾನ ಮಾಡಿಕೊಂಡು ಕರಿಯುವುದು, ಮೊದಲ ಒಬ್ಬೆಯನ್ನು ಯಾರೂ ರುಚಿ ನೋಡದೆ ಬೇರೆ ಡಬ್ಬಿಗೆ ಹಾಕಿ ದೇವರಮನೆಯಲ್ಲಿಡುವುದು. ಅದು ಗಣೇಶನಿಗೆ. ಉಳಿದದ್ದು ಮಕ್ಕಳಿಗೆ. ಅಕ್ಕಿ ಹಿಟ್ಟು 4 ಪಾವು, ಹುರಿದ ಉದ್ದಿನಹಿಟ್ಟು 1 ಪಾವು, ಬೆಣ್ಣೆ, ಜೀರಿಗೆ, ಎಳ್ಳು, ಇಂಗು. ಹಿಟ್ಟನ್ನು ಒಂದೇ ಸಲ ಎಲ್ಲ ಕಲಸಿಟ್ಟುಕೊಳ್ಳಬಾರದು. ಹೊತ್ತು ಕಳೆದಂತೆ ಒಣಗಿ, ಒತ್ತುವಾಗ ತುಂಡು ತುಂಡಾಗುತ್ತದೆ. ಮಗಳು ಒರಳು ಹಿಡಿದಳು, ನಾನು ಬಾಣಲೆ ಹಿಡಿದೆ.

ಸೋಮವಾರ ಬೇಕಂತಲೇ ಬರೀ ಉಪ್ಸಾರು, ಮುದ್ದೆ. ಸೊಪ್ಪು ಕಾಳು ಬೇಯಿಸಿ ಬಸಿದು, ಖಾರ ಅರೆದರೆ ಮುಗಿಯಿತು. ಹಬ್ಬದ ಹಿಂದಿನ ದಿನ ಭಾರಿ ಅಡುಗೆ ಮಾಡುವವರನ್ನು ಕಂಡರೆ ನನಗೆ ಆಶ್ಚರ್ಯ. ಎಣ್ಣೆ ಸಿಹಿ ಎರಡು ದಿನ ತಿನ್ನುವುದು ಇದ್ದೇ ಇದೆ, ಹೊಟ್ಟೆಗೂ ಒಂದು ದಿನ ಬಿಡುವು ಬೇಡವಾ? ಅಡುಗೆಮನೆ ಎಂಟಕ್ಕೇ ಖಾಲಿ. ಆಮೇಲೆ ಎಲ್ಲರೂ ಹಾಲಿನಲ್ಲಿ ಕೂತು ರಾತ್ರಿಯ ಪಟ್ಟಿ ಹಿಡಿದೆವು. ಬಾಗಿನ ತುಂಬುವುದೂ ಆಗಲೇ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆ, ರವೆ, ಉಪ್ಪು, ಬೆಲ್ಲದಚ್ಚು ಎಲ್ಲ ಸಣ್ಣ ಸಣ್ಣ ಪೊಟ್ಟಣ. ಜೊತೆಗೆ ಕಾಯಿ, ರವಿಕೆ ಕಣ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಕಾಡಿಗೆ, ಅರಿಶಿನ ಕುಂಕುಮ. ಅಂಗಡಿಯಲ್ಲಿ ಇದನ್ನೆಲ್ಲ ಸೇರಿಸಿ ಬಾಗಿನದ ಸೆಟ್ ಅಂತ ಮಾರುತ್ತಾರೆ. ಬಳೆ ಬಿಚ್ಚೋಲೆಗೆ ಪರವಾಗಿಲ್ಲ. ಬೇಳೆ ಮಾತ್ರ ನಾನು ಮನೆಯದ್ದೇ ಹಾಕುತ್ತೇನೆ, ತೆಗೆದುಕೊಂಡವರು ಅಡುಗೆ ಮಾಡಿ ಉಣ್ಣುವಂಥದ್ದು ಇರಬೇಕು.

ಮಂಗಳವಾರ ಐದಕ್ಕೆ ಒಲೆ. ಇಲ್ಲಿ ಯಾವುದು ಮೊದಲು ಅನ್ನುವುದೇ ಮುಖ್ಯ. ಮೊದಲು ಒಬ್ಬಟ್ಟಿನ ಕಣಕ, ಯಾಕೆಂದರೆ ಅದಕ್ಕೆ ಕಡಿಮೆಯೆಂದರೂ ಎರಡು ಗಂಟೆ ನೆನೆಯಬೇಕು. ಚಿರೋಟಿ ರವೆ, ಸ್ವಲ್ಪ ಮೈದಾ, ಚಿಟಿಕೆ ಅರಿಶಿನ. ಮೆತ್ತಗೆ ಕಲಸಿ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಆಮೇಲೆ ಅರ್ಧ ಕೆಜಿ ತೊಗರಿಬೇಳೆ, ಜಾಸ್ತಿ ನೀರಿನಲ್ಲಿ, ತೆರೆದ ಪಾತ್ರೆಯಲ್ಲಿ. ಕುಕ್ಕರ್ ಬೇಡ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಪಾತ್ರೆಯಲ್ಲಿ ಬೇಳೆಯ ಆಕಾರದಲ್ಲೇ ಇರಬೇಕು. ಆಗ ಬಸಿದರೆ ಕಟ್ಟು ತಿಳಿಯಾಗಿ ಬರುತ್ತದೆ, ಬೇಳೆ ಒಣಗಿರುತ್ತದೆ. ಅದಕ್ಕೆ 400 ಗ್ರಾಂ ಬೆಲ್ಲದ ಪುಡಿ, ಒಂದು ಹಿಡಿ ಕಾಯಿತುರಿ ಹಾಕಿ ಮತ್ತೆ ಒಲೆಯ ಮೇಲಿಟ್ಟರೆ ಮೊದಲು ಎಲ್ಲ ನೀರಾಗುತ್ತದೆ. ಹೆದರಬಾರದು. ಕೈಬಿಡದೆ ತಿರುಗಿಸುತ್ತಾ ಇದ್ದರೆ ಸದ್ದು ಬದಲಾಗುತ್ತದೆ: ಕೊತಕೊತ ಅನ್ನುತ್ತಿದ್ದದ್ದು ನಿಧಾನವಾಗಿ ಪುಸ್ ಪುಸ್ ಅನ್ನತೊಡಗುತ್ತದೆ, ಸೌಟು ಎಳೆದ ಜಾಗದಲ್ಲಿ ತಳ ಕಾಣುತ್ತದೆ. ಆಗ ಇಳಿಸಿ, ಏಲಕ್ಕಿ ಹಾಕಿ, ಗ್ರೈಂಡರಿಗೆ. ಉಂಡೆ ಕಟ್ಟಿದರೆ ಅಂಗೈಗೆ ಅಂಟಬಾರದು.

ಪೂಜೆಗೆ ಮುಂಚೆ ತಟ್ಟಿದ್ದು 5 ಒಬ್ಬಟ್ಟು ಮಾತ್ರ. ನೈವೇದ್ಯಕ್ಕೆ ಅಷ್ಟು ಸಾಕು. ಉಳಿದ ಹಿಟ್ಟು ಹೂರಣ ಹಾಗೇ ಮುಚ್ಚಿಟ್ಟು, ಪೂಜೆ ಆದ ಮೇಲೆ ಊಟಕ್ಕೆ ಕೂರುವ ಹೊತ್ತಿಗೆ ಬಿಸಿಬಿಸಿ. ಈ ಒಂದು ಬದಲಾವಣೆಗೆ ಅತ್ತೆ ಮೊದಲು ಮುಖ ಸಿಂಡರಿಸಿದರೂ, ಎಲೆಗೆ ಹಬೆಯಾಡುವ ಒಬ್ಬಟ್ಟು ತುಪ್ಪ ಬಿದ್ದಾಗ ಏನೂ ಹೇಳಲಿಲ್ಲ. ಪೂಜೆಗೂ ಗಡಿಬಿಡಿ ಇರಲಿಲ್ಲ. ಹದಿನಾರು ಗಂಟಿನ ದಾರ ಕಟ್ಟಿಕೊಂಡು, ಒಂದು ಜೊತೆ ಬಾಗಿನ ಗೌರಿಗಿಟ್ಟು, ಮಧ್ಯಾಹ್ನ ಮೂರರೊಳಗೆ ಅಕ್ಕಪಕ್ಕದ ಮುತ್ತೈದೆಯರಿಗೆ ಕೊಟ್ಟು ಮುಗಿಸಿದೆ. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಮೊರವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ಕೊಡುವಾಗ ತೆಗೆದುಕೊಳ್ಳುವವರೂ ಸೆರಗು ಒಡ್ಡುತ್ತಾರಲ್ಲ, ಆ ಹೊತ್ತಿಗೆ ಯಾರ ಕೈಯಲ್ಲೂ ಫೋನ್ ಇರುವುದಿಲ್ಲ.

ಗೌರಿಗೆ ಒಬ್ಬಟ್ಟು ಅಂತ ಇಟ್ಟದ್ದಕ್ಕೆ ಇನ್ನೊಂದು ಕಾರಣ ಆ ಕಟ್ಟು. ಬೇಳೆ ಕಟ್ಟಿಗೆ ಒಂದಿಷ್ಟು ಹೂರಣ, ಹುಣಸೆರಸ, ಸಾರಿನ ಪುಡಿ, ಹುರಿದು ರುಬ್ಬಿದ ಕಾಯಿ. ಮಂಗಳವಾರ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಒಬ್ಬಟ್ಟಿನ ಸಾರು. ಎಲ್ಲರಿಗೂ ಗೊತ್ತು, ಅದು ಮಾರನೇ ದಿನವೇ ರುಚಿ. ಚೆನ್ನಾಗಿ ಕುದಿಸಿ ಇಟ್ಟು, ಬುಧವಾರ ರಾತ್ರಿ ಅದಕ್ಕೇ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಗಣೇಶನ ದಿನ ರಾತ್ರಿ ಅನ್ನ ಒಂದು ಮಾಡಿದರೆ ಸಾಕಾಯಿತು. ಒಬ್ಬಟ್ಟು ಬುಧವಾರ, ಕಡುಬು ಮಂಗಳವಾರ ಅಂತ ಇಟ್ಟಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ.

ಬುಧವಾರ ಹನ್ನೆರಡರಿಂದ ರಾಹುಕಾಲ. ಅಷ್ಟರೊಳಗೆ ಮಾವನ ಪೂಜೆ, ಮಂಗಳಾರತಿ ಆಗಬೇಕು. ಕಡುಬಿನ ಕಾಯಿ ಬೆಲ್ಲದ ಹೂರಣ ಹತ್ತು ನಿಮಿಷದ ಕೆಲಸ, ಸಮಸ್ಯೆ ಇರುವುದು ಹಿಟ್ಟಿನದು. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಸುರಿದು ಉಕ್ಕರಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಬೇಕು. ಆರಿದರೆ ಬಿರುಕು. ಅದಕ್ಕೆ ನಾನು ಎರಡು ಸಲ ಸ್ವಲ್ಪ ಸ್ವಲ್ಪ ಉಕ್ಕರಿಸುತ್ತೇನೆ, ಮೊದಲನೆಯದು ನೈವೇದ್ಯಕ್ಕೆ, ಎರಡನೆಯದು ಊಟಕ್ಕೆ. ಬೇಯಿಸುವುದು ಇಡ್ಲಿ ಪಾತ್ರೆಯಲ್ಲೇ. ಮೀಸಲು ಚಕ್ಕುಲಿ, ಪಂಚಕಜ್ಜಾಯ, ಕೋಸಂಬರಿ ಜೊತೆಗೆ. ಇಪ್ಪತ್ತೊಂದು ಬಗೆ ಮಾಡುವವರಿಗೆ ನನ್ನ ನಮಸ್ಕಾರ, ಇಪ್ಪತ್ತೊಂದು ಗರಿಕೆ ಏರಿಸಿದರೂ ಗಣೇಶ ಕೋಪಿಸಿಕೊಳ್ಳುವುದಿಲ್ಲ. ಸಂಜೆ ಮಕ್ಕಳನ್ನು ಚಂದ್ರ ನೋಡದ ಹಾಗೆ ಒಳಗೆ ಕೂರಿಸಿಕೊಂಡು ಅತ್ತೆ ಶಮಂತಕದ ಕತೆ ಹೇಳಿದರು. ಆ ಒಂದು ಗಂಟೆ ನನಗೆ ಪಾತ್ರೆ ತೊಳೆದು ಅಡುಗೆಮನೆ ಒರೆಸಲು ಸಿಕ್ಕಿತು.

ಗುರುವಾರ, ಶುಕ್ರವಾರ ಆಫೀಸು. ಚಿತ್ರಾನ್ನ, ದೋಸೆ, ಬಸ್ಸಾರು. ನಮ್ಮಲ್ಲಿ ಮೂರನೇ ದಿನ ಗೌರಿ ಗಣೇಶನನ್ನು ಕಳಿಸುವುದು. ಶುಕ್ರವಾರ ಸಂಜೆ ಮೊಸರನ್ನದ ಬುತ್ತಿ ನೈವೇದ್ಯ ಮಾಡಿ, ಹಿತ್ತಲಲ್ಲಿ ದೊಡ್ಡ ಬಕೆಟ್ಟಿನಲ್ಲಿ ಬಿಟ್ಟೆವು. ಬಣ್ಣವಿಲ್ಲದ ಜೇಡಿಮಣ್ಣಿನ ಮೂರ್ತಿ, ಬೆಳಿಗ್ಗೆಗೆ ಕರಗಿರುತ್ತದೆ, ದಾಸವಾಳದ ಬುಡಕ್ಕೆ ಹೋಗುತ್ತದೆ. ರಾತ್ರಿ ಊಟ ಎಲ್ಲರಿಗೂ ಅದೇ ಮೊಸರನ್ನ.

ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕ್ ಮಾಡುವ ಹಟ ನನಗಿಲ್ಲ. ಕೇಕ್ ಬೇಕರಿಯದು. ಬೆಳಿಗ್ಗೆ ಎಣ್ಣೆ ಸ್ನಾನ, ಆರತಿ, ಶ್ಯಾವಿಗೆ ಪಾಯಸ. ಸಂಜೆ ಬರುವ ಮಕ್ಕಳಿಗೆ ಒಂದು ದೊಡ್ಡ ಪಾತ್ರೆ ಬಿಸಿಬೇಳೆಬಾತ್, ಉಳಿದ ಚಕ್ಕುಲಿ. ಶುಕ್ರವಾರ ರಾತ್ರಿ ಬಟಾಣಿ ನೆನೆಹಾಕಿದ್ದೇ ಅದರ ಅರ್ಧ ತಯಾರಿ. ಬಾತಿನ ಪುಡಿ ಅತ್ತೆ ಶ್ರಾವಣದಲ್ಲೇ ಮಾಡಿಟ್ಟಿದ್ದರು.

ಭಾನುವಾರ ನಾಟಿ ಕೋಳಿ ಸಾರು, ಮುದ್ದೆ. ಶ್ರಾವಣ ಪೂರ್ತಿ, ಗಣೇಶ ಹೋಗುವ ತನಕ ಮನೆಯಲ್ಲಿ ಮಾಂಸ ಇಲ್ಲ, ಹಾಗಾಗಿ ಎಲ್ಲರೂ ಕಾದಿದ್ದರು. ಅಣ್ಣ ಗೌರಿ ಬಾಗಿನದ ಸೀರೆ, ದುಡ್ಡು ತಂದಿದ್ದ. ನಾನು ಅವ್ವನಿಗೆ ತೆಗೆದಿಟ್ಟಿದ್ದ ಮೊರದ ಬಾಗಿನ ಕೊಟ್ಟೆ. ಅವ್ವ ಮೊರದ ಮುಚ್ಚಳ ಎತ್ತಿ ಬೇಳೆ ಪೊಟ್ಟಣ ಬಿಚ್ಚಿ, ಎರಡು ಕಾಳು ಬಾಯಿಗೆ ಹಾಕಿಕೊಂಡು, ‘ನಮ್ಮೂರಿನ ಬೇಳೆ ಅಲ್ಲ ಕಣ್ ಮಗಾ ಇದು’ ಅಂದಳು. ಅತ್ತಿಗೆ ಸಾರಿಗೆ ಖಾರ ಅರೆದಳು, ನನಗೆ ಮುದ್ದೆ ತಿರುವುವುದೊಂದೇ ಉಳಿಯಿತು.

ಆಗಸ್ಟ್ ಹಾಳೆಯನ್ನು ನಾನು ಹರಿದು ಎಸೆಯುವುದಿಲ್ಲ. ಮಗುಚಿ, ಹಿಂದೆ ಬರೆದು, ಮಸಾಲೆ ಡಬ್ಬಿಯ ಬೀರುವಿನೊಳಗೆ ಅಂಟಿಸುತ್ತೇನೆ. ಈ ಸಲ ಬರೆದದ್ದು: ಚಕ್ಕುಲಿ ಹಿಟ್ಟು 5 ಪಾವು ಸಾಲದು, 7 ಬೇಕು. ಅರ್ಧ ಕೆಜಿ ಬೇಳೆಗೆ ಒಬ್ಬಟ್ಟು ಇಪ್ಪತ್ತರ ಮೇಲೆ ಬಂತು, ಸರಿ. ವೀಳ್ಯದೆಲೆ ಎರಡು ಕಟ್ಟು ಜಾಸ್ತಿ ತರುವುದು. ಬೇಳೆ ಅಣ್ಣನ ಕೈಲೇ ತರಿಸುವುದು.