ವಂಶದಲ್ಲಿ ಬರುವ ರಕ್ತಕ್ಯಾನ್ಸರ್: ತಿಳಿದು ನಡೆಯುವ ಬಗೆ

ರಕ್ತಕ್ಯಾನ್ಸರ್ ಬಹುಪಾಲು ವಂಶದಿಂದ ಬರುವುದಿಲ್ಲ. ಆದರೆ ಕೆಲವು ಕುಟುಂಬಗಳಲ್ಲಿ ಆರ್‌ಯುಎನ್‌ಎಕ್ಸ್1, ಜಿಎಟಿಎ2, ಡಿಡಿಎಕ್ಸ್41ರಂತಹ ಜೀನ್‌ಗಳ ದೋಷವಿದ್ದು, ಅದನ್ನು ಹೊತ್ತ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಹಾಗೆ ಬರುವುದು ರೋಗವಲ್ಲ, ರೋಗದ ಅಪಾಯ ಮಾತ್ರ ಎಂಬುದನ್ನು ಮೊದಲು ಮನಗಾಣಬೇಕು.

ಹತ್ತಿರದ ಸಂಬಂಧಿಕರಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ರಕ್ತಕ್ಯಾನ್ಸರ್ ಅಥವಾ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಕೊರತೆ ಕಾಣಿಸಿತ್ತೆಂದು ಬರೆದಿಟ್ಟುಕೊಂಡು ಜೆನೆಟಿಕ್ ಕೌನ್ಸೆಲರ್ (ವಂಶವಾಹಿ ರೋಗಗಳ ಬಗ್ಗೆ ಸಲಹೆ ನೀಡುವ ತಜ್ಞರು) ಅವರನ್ನು ಕಾಣಿರಿ. ರೋಗ ಬಂದವರ ರಕ್ತದಲ್ಲಿ ಕ್ಯಾನ್ಸರ್ ಕೋಶಗಳ ಬದಲಾವಣೆಗಳೂ ಬೆರೆತಿರುವುದರಿಂದ, ದೋಷವು ಹುಟ್ಟಿನಿಂದಲೇ ಇದ್ದದ್ದೆಂದು ಖಚಿತಪಡಿಸಲು ಸಾಮಾನ್ಯವಾಗಿ ಚರ್ಮದ ಮಾದರಿಯನ್ನು ಪರೀಕ್ಷಿಸುತ್ತಾರೆ. ದೋಷವಿದ್ದರೆ ನಿಯತವಾಗಿ ರಕ್ತಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಆಸ್ಪಿರಿನ್ ಸೇವಿಸಬಾರದು. ಅಸ್ಥಿಮಜ್ಜೆಯ ಕಸಿಗೆ ಒಡಹುಟ್ಟಿದವರು ದಾನಿಯಾಗುವ ಮುನ್ನ ಅವರಿಗೂ ಅದೇ ಜೀನ್ ದೋಷದ ಪರೀಕ್ಷೆ ಆಗಲೇಬೇಕು. ವೈದ್ಯರಿಗೆ ಇದನ್ನು ನೀವೇ ನೆನಪಿಸಿದರೂ ತಪ್ಪಿಲ್ಲ.