ವಾರದ ದಣಿವನ್ನು ಮನೆಯಲ್ಲೇ ಇಳಿಸಿಕೊಳ್ಳುವುದು ಹೇಗೆ?

ವಾರದ ಕೆಲಸ ಮುಗಿಸಿ ಮನೆಗೆ ಬಂದವರು ದಯವಿಟ್ಟು ನೇರವಾಗಿ ಸೋಫಾ ಮೇಲೆ ಬೀಳಬೇಡಿ. ಬಿದ್ದರೆ ಕೈ ತಾನಾಗಿಯೇ ಮೊಬೈಲಿಗೆ ಹೋಗುತ್ತದೆ. ಏಳುವ ಹೊತ್ತಿಗೆ ಕತ್ತು ಇನ್ನೂ ಜಾಸ್ತಿ ಹಿಡಿದುಕೊಂಡಿರುತ್ತದೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ವಾರವಿಡೀ ನಿಂತೇ ಇರಬೇಕು, ಗಂಟಲು ಏರಿಸಿ ಮಾತಾಡಬೇಕು. ಮೊದಲು ಮೈ ಸಡಿಲವಾಗಬೇಕು, ಮನಸ್ಸು ಆಮೇಲೆ ತಾನೇ ಇಳಿಯುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಬಟ್ಟೆ ಬದಲಿಸಿ. ಒಂದು ಹಾಳೆ ತೆಗೆದುಕೊಂಡು, ಅರ್ಧಕ್ಕೆ ಉಳಿದ ಕೆಲಸಗಳನ್ನೆಲ್ಲ ಬರೆದುಬಿಡಿ. ತಿದ್ದಬೇಕಾದ ಉತ್ತರ ಪತ್ರಿಕೆ, ಫೋನ್ ಮಾಡಬೇಕಾದವರು, ಕಟ್ಟಬೇಕಾದ ಬಿಲ್, ಏನೇ ಇರಲಿ. ಪ್ರತಿಯೊಂದರ ಪಕ್ಕ ಯಾವಾಗ ಮಾಡುತ್ತೀರಿ ಅಂತಲೂ ಬರೆಯಿರಿ. ಹಾಳೆಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ.

ಆಮೇಲೆ ಬಿಸಿನೀರಿನ ಸ್ನಾನ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಆದರೆ ಒಳ್ಳೆಯದು. ಬಿಸಿನೀರಿಗೆ ರಕ್ತ ಚರ್ಮದ ಕಡೆ ಹರಿಯುತ್ತದೆ, ಸ್ನಾನದ ನಂತರ ಮೈಯೊಳಗಿನ ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ಮೈ ಹಾಗೆ ತಣ್ಣಗಾಗುತ್ತಾ ಬಂದಾಗಲೇ ನಿದ್ದೆ ಸುಲಭವಾಗಿ ಬರುವುದು. ಸ್ನಾನಕ್ಕೂ ಆಗದಷ್ಟು ಸುಸ್ತಾಗಿದ್ದರೆ ಹತ್ತು ನಿಮಿಷ ಪಾದಗಳನ್ನು ಬೆಚ್ಚಗಿನ ನೀರಿನಲ್ಲಿ ಇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನಲ್ಲಿ ಸ್ಪರ್ಶ ಕಡಿಮೆ ಇರಬಹುದು. ಅಂಥವರು ನೀರಿನ ಬಿಸಿಯನ್ನು ಮೊದಲು ಮೊಣಕೈಯಿಂದ ನೋಡಿಕೊಳ್ಳಲಿ, ಕಾಲು ನೆನೆಹಾಕುವ ಬಗ್ಗೆ ಡಾಕ್ಟರನ್ನೂ ಕೇಳಿಕೊಳ್ಳಲಿ.

ಇನ್ನು ನನಗೆ ತುಂಬಾ ಇಷ್ಟವಾದದ್ದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಸ್ನಾಯುವನ್ನು ಬೇಕಂತಲೇ ಬಿಗಿ ಮಾಡಿ ಬಿಟ್ಟರೆ, ಸಡಿಲವಾಗಿರುವುದು ಹೇಗಿರುತ್ತದೆ ಎಂದು ಮೈಗೆ ಗೊತ್ತಾಗುತ್ತದೆ. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ಕಾಲ್ಬೆರಳುಗಳನ್ನು ಮಡಚಿ, ಐದು ಸೆಕೆಂಡ್ ಬಿಗಿ ಹಿಡಿದು ಬಿಡಿ. ಇಪ್ಪತ್ತು ಸೆಕೆಂಡ್ ಸುಮ್ನೆ ಗಮನಿಸಿ. ಪಾದ ಬೆಚ್ಚಗಾಗಿ ಭಾರ ಅನ್ನಿಸುತ್ತದೆ, ಅಲ್ವಾ? ಹಾಗೇ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ ಎಂದು ಮೇಲೆ ಬನ್ನಿ. ಮೀನಖಂಡಕ್ಕೆ ಮಾತ್ರ ಪೂರ್ತಿ ಬಲ ಹಾಕಬೇಡಿ, ನರ ಹಿಡಿದುಕೊಳ್ಳುತ್ತದೆ. ಭುಜಗಳನ್ನು ಕಿವಿಯವರೆಗೆ ಎತ್ತಿ ಒಮ್ಮೆಲೇ ಬಿಡಿ. ಕೊನೆಗೆ ದವಡೆ. ದಿನವೆಲ್ಲ ಹಲ್ಲು ಕಚ್ಚಿಕೊಂಡೇ ಓಡಾಡಿದ್ದೇವೆ ಎಂದು ಗೊತ್ತಾಗುವುದೇ ಇಲ್ಲಿ. ತುಟಿ ಮುಚ್ಚಿರಲಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಚೂರು ಜಾಗ ಬಿಡಿ. ನನಗೆ ಎಷ್ಟೋ ಸಲ ತಲೆನೋವು ಇಷ್ಟಕ್ಕೇ ಇಳಿದಿದೆ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿರಲಿ. ಆಗ ಎದೆಬಡಿತವೂ ಇಳಿಯುತ್ತದೆ.

ಸಂಜೆಯ ಮೇಲೆ ಕಾಫಿ, ಟೀ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ.

ಮನೆಯಲ್ಲಿ ಒಬ್ಬರು ಪಾತ್ರೆ ತೊಳೆಯುತ್ತಾ, ಮಕ್ಕಳ ಹಿಂದೆ ಓಡುತ್ತಾ ಇರುವಾಗ ಉಳಿದವರು ಕಾಲು ಚಾಚಿ ಕೂರುವುದನ್ನು ನಾನು ವಿಶ್ರಾಂತಿ ಎಂದು ಒಪ್ಪುವುದಿಲ್ಲ. ಆ ಸಂಜೆಯ ಕೆಲಸವನ್ನು ಮುಂಚೆಯೇ ಹಂಚಿಕೊಳ್ಳಿ. ಎಲ್ಲರಿಗೂ ಅರ್ಧ ಗಂಟೆಯಾದರೂ ಸಿಗಲಿ, ಆ ಹೊತ್ತಿನಲ್ಲಿ ಅವರನ್ನು ಯಾರೂ ಕರೆಯಬಾರದು.

ರಜೆಯ ದಿನ ಬೆಳಿಗ್ಗೆ ದಿನದ ಸಮಯಕ್ಕಿಂತ ಒಂದು ಗಂಟೆ ತಡವಾಗಿ ಎದ್ದರೆ ಸಾಕು. ತೀರಾ ಜಾಸ್ತಿ ಮಲಗಿದರೆ ರಾತ್ರಿ ನಿದ್ದೆ ತಪ್ಪುತ್ತದೆ. ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಹೀಗೆ ಚೆನ್ನಾಗಿ ಮಲಗಿಯೂ ವಾರಗಟ್ಟಲೆ ಸುಸ್ತು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆ ಇದ್ದರೂ ಹೀಗೇ ಆಗುತ್ತದೆ. ಅದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ.